ರಮಝಾನಿನ ಮೂವತ್ತು ದಿನ ಮತ್ತು ಈದ್‌ನ ಸಂಜೆ



ಈ ಸಲ ಎತ್ತಿಕೊಂಡಿರುವ ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಹಿಡಿಸದು. ನಮ್ಮವರಲ್ಲಿ ಕುಡಿತ ಇಲ್ಲ ಎಂದು ನಾವು ಹೊರಗಿನವರ ಮುಂದೆ ಹೇಳಿಕೊಳ್ಳುತ್ತೇವೆ. ಮನೆಯೊಳಗೆ ಬಂದ ಮೇಲೆ ಧ್ವನಿ ತಗ್ಗಿಸಿ ಬೇರೆ ಮಾತು ಆಡುತ್ತೇವೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವವರು, ಮಾರುಕಟ್ಟೆಯ ಹಮಾಲರು, ಗಾರೆ ಕೆಲಸದವರು, ಲಾರಿ ಓಡಿಸುವವರು, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ ಕೆಲಸ ಮಾಡಿಕೊಂಡು ಬದುಕಿದ ಮನೆಗಳವರು, ಇವರೆಲ್ಲರ ನಡುವೆಯೂ ಕುಡಿಯುವವರು ಇದ್ದಾರೆ. ದುಡ್ಡಿದ್ದವರ ನಡುವೆಯೂ ಇದ್ದಾರೆ. ಅವರ ಬಾಟಲಿ ಕಾರಿನಲ್ಲಿ ಬರುವುದರಿಂದ ಯಾರಿಗೂ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಯಾವ ಮೊಹಲ್ಲಾ ಎಂದು ನಾನು ಇಲ್ಲಿ ಹೆಸರಿಸುವುದಿಲ್ಲ. ಹೆಸರಿಸಿದರೆ ಉಳಿದ ಮೊಹಲ್ಲಾದವರು ನಿರಾಳವಾಗಿ ಪುಟ ಮಗುಚಿಬಿಡುತ್ತಾರೆ.

ಆದರೆ ಇವರ ಪೈಕಿ ಬಹಳ ಮಂದಿ ವರ್ಷಕ್ಕೊಮ್ಮೆ ಒಂದು ಕೆಲಸ ಮಾಡುತ್ತಾರೆ. ಶಾಬಾನ್ ತಿಂಗಳ ಕೊನೆಯ ದಿನಗಳು ಬಂದವೆಂದರೆ ಕುಡಿತ ನಿಲ್ಲಿಸುತ್ತಾರೆ. ಕೆಲವರು ಚಂದ್ರದರ್ಶನದ ಸಂಜೆ ನಿಲ್ಲಿಸುತ್ತಾರೆ, ಕೆಲವರು ಒಂದು ವಾರ ಮುಂಚೆ. ಆಮೇಲೆ ಮೂವತ್ತು ದಿನ ಉಪವಾಸ, ತರಾವೀಹ್, ಮಸೀದಿಯಲ್ಲಿ ಇಫ್ತಾರ್. ಮನೆಯ ಹೆಂಗಸು ಬೀಡಿ ಕಟ್ಟಿ ಕೂಡಿಟ್ಟ ದುಡ್ಡು ಡಬ್ಬಿಯಲ್ಲೇ ಉಳಿಯುತ್ತದೆ. ಮಕ್ಕಳು ಅಬ್ಬಾನ ಮಗ್ಗುಲಲ್ಲಿ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ. ಈದ್‌ನ ನಮಾಝ್ ಆಗುತ್ತದೆ, ಅಪ್ಪಿಕೊಂಡು ಮುಬಾರಕ್ ಹೇಳಿದ್ದೂ ಆಗುತ್ತದೆ. ಅದೇ ದಿನ ಸಂಜೆ ಗೆಳೆಯನ ಬೈಕು ಮನೆ ಮುಂದೆ ಬಂದು ಹಾರ್ನ್ ಮಾಡುತ್ತದೆ. ಒಳಗೆ ಪಾತ್ರೆ ತೊಳೆಯುತ್ತಿದ್ದ ಹೆಂಗಸಿಗೆ ಆ ಹಾರ್ನ್ ಏನೆಂದು ಗೊತ್ತು.

ಈ ಮೂವತ್ತು ದಿನಗಳನ್ನು ನಾವು ಏನೆಂದು ತಿಳಿಯಬೇಕು? ಇದೇ ಇಂದಿನ ಪ್ರಶ್ನೆ.

ಕೆಲವರು ಇದನ್ನು ಬರೀ ಕಪಟವೆಂದು ತಳ್ಳಿಹಾಕುತ್ತಾರೆ. ಒಂಬೈನೂರು ಇಲಿ ತಿಂದ ಬೆಕ್ಕು ಹಜ್‌ಗೆ ಹೊರಟಿತು ಎಂಬ ಗಾದೆ ನಮ್ಮ ಉರ್ದು ಮಾತಿನ ಮನೆಗಳಲ್ಲಿ ಚಿರಪರಿಚಿತ. ಕನ್ನಡವನ್ನೇ ಮನೆಮಾತಾಗಿ ಉಳ್ಳ ನದಾಫ್ ಪಿಂಜಾರರ ಮನೆಗಳಿಗೂ ಅದು ಬಂದು ಸೇರಿದೆ. ನನ್ನ ಅಭಿಪ್ರಾಯ ಕೇಳಿದರೆ, ಆ ಒಂದು ಗಾದೆ ನಮ್ಮ ಮಸೀದಿಗಳ ಬಾಗಿಲಿನಿಂದ ಹಿಂದೆ ಕಳುಹಿಸಿದಷ್ಟು ಜನರನ್ನು ಬಾರಿನ ಬೋರ್ಡುಗಳೂ ಕಳುಹಿಸಿರಲಾರವು. ಶಾಬಾನ್‌ನಲ್ಲಿ ಬಾಟಲಿ ಕೆಳಗಿಟ್ಟು ಮಸೀದಿಗೆ ಬಂದವನು ಮೊದಲ ಸಫ್‌ನಲ್ಲಿ ನಿಂತರೆ ಹಿಂದಿನಿಂದ ಒಂದು ಸಣ್ಣ ನಗು ಕೇಳಿಸುತ್ತದೆ. ಅವನು ಮರುದಿನ ಕೊನೆಯ ಸಫ್‌ಗೆ ಹೋಗುತ್ತಾನೆ, ಅದರ ಮರುದಿನ ಬರುವುದೇ ಇಲ್ಲ.

ಪ್ರವಾದಿವರ್ಯರ(ಸ) ಕಾಲದಲ್ಲಿ ಅಬ್ದುಲ್ಲಾ ಎಂಬವರಿದ್ದರು. ಜನ ಅವರಿಗೊಂದು ಅಡ್ಡಹೆಸರಿಟ್ಟಿದ್ದರು. ತಮಾಷೆಯ ಮನುಷ್ಯ, ಪ್ರವಾದಿವರ್ಯರನ್ನು(ಸ) ನಗಿಸುತ್ತಿದ್ದರು. ಅವರಿಗೆ ಕುಡಿತದ ದೌರ್ಬಲ್ಯವಿತ್ತು. ಅದಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾಗುತ್ತಿದ್ದರು. ಒಮ್ಮೆ ಹಾಗೆ ಕರೆತಂದಾಗ ನೆರೆದವರಲ್ಲೊಬ್ಬರು, ಎಷ್ಟು ಸಲ ಇವನನ್ನು ತರಬೇಕು ಎಂದು ಬೇಸತ್ತು ಶಪಿಸಿದರು. ಪ್ರವಾದಿವರ್ಯರು(ಸ) ಶಿಕ್ಷೆಯನ್ನು ಕೈಬಿಡಲಿಲ್ಲ, ಆದರೆ ಶಾಪವನ್ನು ತಡೆದರು. ಆತ ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುವವನೆಂಬುದನ್ನು ಎಲ್ಲರ ಮುಂದೆ ಹೇಳಿದರು. ಸಹೀಹ್ ಬುಖಾರಿಯಲ್ಲಿ ಈ ವೃತ್ತಾಂತವಿದೆ. ಗಮನಿಸಿರಿ, ಕುಡಿತವು ಸಣ್ಣ ವಿಷಯವೆಂದು ಅಲ್ಲಿ ಯಾರೂ ಹೇಳಲಿಲ್ಲ. ಕುಡಿಯುವವನ ಎದೆಯೊಳಗೆ ಬೇರೇನೂ ಇಲ್ಲವೆಂದು ಹೇಳುವುದಕ್ಕೆ ಮಾತ್ರ ಅವಕಾಶ ಸಿಗಲಿಲ್ಲ.

ರಮಝಾನಿನಲ್ಲಿ ನಿಲ್ಲಿಸುವವನ ಎದೆಯಲ್ಲೂ ಏನೋ ಇದೆ. ಹಗಲಲ್ಲಿ ಉಪವಾಸದ ಕಟ್ಟು ಇರುತ್ತದೆ ಎನ್ನಿ. ರಾತ್ರಿ? ಮಗ್ರಿಬ್ ಆದ ಮೇಲೆ ಅಂಗಡಿ ತೆರೆದೇ ಇರುತ್ತದೆ, ಜೇಬಿನಲ್ಲಿ ಬಟವಾಡೆಯ ದುಡ್ಡೂ ಇರುತ್ತದೆ. ತಡೆಯುವ ಪೋಲೀಸನಿಲ್ಲ. ಹಾಗಿದ್ದೂ ಮೂವತ್ತು ರಾತ್ರಿ ಅವನು ಆ ಕಡೆ ಹೋಗುವುದಿಲ್ಲ. ತನ್ನಿಂದ ಆಗದು, ಅದು ರಕ್ತಕ್ಕೆ ಸೇರಿಹೋಗಿದೆ ಎಂದು ಹನ್ನೊಂದು ತಿಂಗಳು ಹೇಳಿದವನು ಅವನೇ ಅಲ್ಲವೇ?

ಹೊರಗಿನ ಬೀಗಕ್ಕೂ ಒಳಗಿನ ಬೀಗಕ್ಕೂ ಇರುವ ಅಂತರವನ್ನು ನಾವೆಲ್ಲರೂ 2020ರಲ್ಲಿ ಕಣ್ಣಾರೆ ಕಂಡೆವು. ಕೊರೊನಾ ಲಾಕ್‌ಡೌನ್ ಬಂದು ಮಾರ್ಚ್ 25ರಿಂದ ಮೇ 3ರ ವರೆಗೆ, ಸರಿಯಾಗಿ 40 ದಿನ, ಮದ್ಯದಂಗಡಿಗಳಿಗೆ ಬೀಗ ಬಿದ್ದಿತ್ತು. ಮೇ 4ರಂದು ರಾಜ್ಯದ ಹೆಚ್ಚಿನ ಕಡೆ ಬೀಗ ತೆಗೆದರು. ಬೆಳಗಾಗುವ ಮೊದಲೇ ಜನ ಸಾಲುಗಟ್ಟಿದರು. ಮೊದಲ ದಿನ 45 ಕೋಟಿ ರೂಪಾಯಿ, ಎರಡನೆಯ ದಿನ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತೆಂದು ಪತ್ರಿಕೆಗಳು ಬರೆದವು. 40 ದಿನ ಬಿಟ್ಟಿದ್ದರೂ ಬಿಟ್ಟಂತಾಗಿರಲಿಲ್ಲ. ಏಕೆಂದರೆ ಬಿಟ್ಟದ್ದು ಮನುಷ್ಯನಲ್ಲ, ಅಂಗಡಿ. ಅದೇ ಸಮಯದಲ್ಲಿ ನಮ್ಮಲ್ಲಿ ರಮಝಾನ್ ನಡೆಯುತ್ತಿತ್ತು. ಮಸೀದಿಗಳೂ ಮುಚ್ಚಿದ್ದವು, ತರಾವೀಹ್ ಮನೆಯಲ್ಲೇ. ಮೇ 4ರಂದು ಅಂಗಡಿ ತೆರೆದರೂ ಉಪವಾಸಿಗನ ಒಂದು ಬೀಗ ಹಾಗೆಯೇ ಉಳಿಯಿತು. ಅದನ್ನು ಹಾಕಿದ್ದು ಸರಕಾರವಲ್ಲವಾದ್ದರಿಂದ ಸರಕಾರದ ಆದೇಶದಿಂದ ತೆರೆಯಲಿಲ್ಲ.

ಸರಕಾರದ ಮಾತು ಬಂತಲ್ಲ, ಅದನ್ನೂ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಟೆಟ್ರಾ ಪ್ಯಾಕಿನಲ್ಲಿ ಬಂತು. 2023-24ರ ಬಜೆಟ್ಟಿನಲ್ಲಿ ಅಬಕಾರಿಯಿಂದ 36,000 ಕೋಟಿ ರೂಪಾಯಿ ನಿರೀಕ್ಷಿಸಲಾಗಿತ್ತು. ಇಷ್ಟು ದುಡ್ಡು ನಿರೀಕ್ಷಿಸುವವರು ನಮ್ಮ ಮನೆಯ ಬೀಗ ಹಾಕಿಕೊಡುವರೆಂದು ಕಾಯುವುದರಲ್ಲಿ ಅರ್ಥವಿಲ್ಲ.

ಇನ್ನು ಬಿಟ್ಟವನ ಕಡೆಗೆ ತಿರುಗಿ ಮಾತಾಡಬೇಕು. ಸಹೋದರಾ, ನಿನ್ನನ್ನು ಅಣಕಿಸುವವರನ್ನು ಗದರಿದ್ದಾಯಿತು, ಈಗ ನಿನ್ನ ಸರದಿ. ನೀನು ಶಾಬಾನ್‌ನ ಕೊನೆಯಲ್ಲಿ ಬಿಡುವಾಗ ಮನಸ್ಸಿನಲ್ಲಿ ಏನು ಹೇಳಿಕೊಂಡೆ? ಈದ್ ತನಕ ಎಂದಲ್ಲವೇ? ಹೊಲವನ್ನು ಒಂದು ಬೆಳೆಗೆ ಗುತ್ತಿಗೆ ಹಾಕಿಕೊಟ್ಟಂತೆ ನಾಲಗೆಯನ್ನು ಒಂದು ತಿಂಗಳಿಗೆ ಅಲ್ಲಾಹನಿಗೆ ಗುತ್ತಿಗೆ ಕೊಟ್ಟಿದ್ದೀ. ಅವಧಿ ಮುಗಿದ ಕೂಡಲೇ ವಾಪಸು ತೆಗೆದುಕೊಳ್ಳುತ್ತೀ. ತೌಬಾಕ್ಕೆ ಉಲಮಾಗಳು ಮೂರು ಷರತ್ತುಗಳನ್ನು ಹೇಳಿದ್ದಾರೆ: ಪಾಪವನ್ನು ಬಿಡುವುದು, ಮಾಡಿದ್ದಕ್ಕೆ ಮರುಗುವುದು, ಮತ್ತೆ ಅತ್ತ ಹೋಗಲಾರೆನೆಂದು ದೃಢವಾಗಿ ನಿಶ್ಚಯಿಸುವುದು. ಮೊದಲನೆಯದನ್ನು ನೀನು ಮಾಡಿದ್ದೀ. ಎರಡನೆಯದು ತರಾವೀಹ್‌ನಲ್ಲಿ ನಿನ್ನ ಕಣ್ಣು ಒದ್ದೆಯಾದಾಗ ಆಗಿಯೂ ಇರಬಹುದು. ಮೂರನೆಯದರ ಜಾಗದಲ್ಲಿ ಒಂದು ತಾರೀಖು ಬರೆದಿಟ್ಟಿದ್ದೀ. ಆ ತಾರೀಖನ್ನು ಅಳಿಸಬೇಕು, ಅಷ್ಟೇ ಉಳಿದಿರುವುದು. ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕಾಗಿಲ್ಲ.

ನಾಳೆ ಜಾರಿಬಿದ್ದರೆ ಎಂಬ ಭಯದಿಂದ ನಿಶ್ಚಯವನ್ನೇ ಮಾಡದಿರುವವರಿದ್ದಾರೆ. ಕೊಟ್ಟ ಮಾತು ಮುರಿದರೆ ಇನ್ನೂ ದೊಡ್ಡ ಪಾಪವಲ್ಲವೇ, ಮಾತು ಕೊಡದಿರುವುದೇ ವಾಸಿ ಎಂದು ಅವರ ಲೆಕ್ಕ. ಈ ಲೆಕ್ಕ ಪ್ರಾಮಾಣಿಕವಾಗಿ ಕಂಡರೂ ಅದನ್ನು ಹೇಳಿಕೊಟ್ಟವನು ಶೈತಾನ. ಇಂದಿನ ನಿಶ್ಚಯ ಇಂದು ನಿಜವಾಗಿದ್ದರೆ ಸಾಕು. ನಾಳೆ ಕಾಲು ಜಾರಿದರೆ ಮತ್ತೆ ತೌಬಾ ಮಾಡುವ ಬಾಗಿಲು ತೆರೆದಿದೆ. ಮರಣದ ಗಳಿಗೆ ಬರುವವರೆಗೆ ಅದು ಮುಚ್ಚುವುದಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಬಹಳ ಬೇರೂರಿದೆ. ಕುಡಿದರೆ 40 ದಿನ ನಮಾಝ್ ಸ್ವೀಕಾರವಾಗದು ಎಂಬ ಹದೀಸನ್ನು ಜನ ಅರ್ಧ ಕೇಳಿದ್ದಾರೆ. ಅದರಿಂದ ಎರಡು ಬಗೆಯ ಲೆಕ್ಕಗಳು ಹುಟ್ಟಿಕೊಂಡಿವೆ. ಒಬ್ಬನು, ರಮಝಾನಿಗೆ 40 ದಿನ ಮುಂಚೆಯೇ ಬಿಡಬೇಕಿತ್ತು, ಈಗ 20 ದಿನ ಮಾತ್ರ ಉಳಿದಿದೆ, ಇನ್ನು ಬಿಟ್ಟು ಪ್ರಯೋಜನವಿಲ್ಲ, ಈ ವರ್ಷದ ಉಪವಾಸ ಹೋಯಿತು ಎನ್ನುತ್ತಾನೆ. ಇನ್ನೊಬ್ಬನು, ಹೇಗೂ ನಮಾಝ್ ಸ್ವೀಕಾರವಿಲ್ಲ, ಮತ್ತೆ ಏಕೆ ಎದ್ದು ಬಗ್ಗಬೇಕು ಎಂದು ನಮಾಝನ್ನೇ ಬಿಡುತ್ತಾನೆ. ಇಬ್ಬರೂ ಹದೀಸಿನ ಉಳಿದ ಭಾಗವನ್ನು ಕೇಳಿಲ್ಲ. ಅವನು ಪಶ್ಚಾತ್ತಾಪಪಟ್ಟರೆ ಅಲ್ಲಾಹನು ಅದನ್ನು ಸ್ವೀಕರಿಸುವನೆಂದು ಅದೇ ಹದೀಸಿನಲ್ಲಿ ಇದೆ. ಇಲ್ಲಿ ಹೇಳಿರುವುದು ಪುಣ್ಯದ ನಷ್ಟವನ್ನು, ಕರ್ತವ್ಯವೇನೂ ರದ್ದಾಗುವುದಿಲ್ಲ ಎಂದು ವಿದ್ವಾಂಸರು ವಿವರಿಸಿದ್ದಾರೆ. ಕುಡಿದ ಪಾಪದ ಮೇಲೆ ನಮಾಝ್ ಬಿಟ್ಟ ಪಾಪವನ್ನೂ ಹೇರಿಕೊಂಡರೆ ಯಾವ ಲಾಭ? ಶಾಬಾನ್‌ನ 29ರ ಸಂಜೆ ಎಚ್ಚೆತ್ತು ತೌಬಾ ಮಾಡಿದವನು ಮರುದಿನ ಸಹರಿ ಮಾಡಲಿ, ಉಪವಾಸ ಹಿಡಿಯಲಿ. ಯಾರಾದರೂ 40 ದಿನದ ಮಾತೆತ್ತಿದರೆ ಪೂರ್ತಿ ಹದೀಸ್ ಹೇಳಿರಿ ಎಂದು ಕೇಳಲಿ. ನಮ್ಮ ಎಷ್ಟೋ ಮಸೀದಿಗಳಲ್ಲಿ ಜುಮಾ ಬಯಾನ್ ಉರ್ದುವಿನಲ್ಲೇ ನಡೆಯುತ್ತದೆ, ಕನ್ನಡ ಮಾತ್ರ ಬಲ್ಲವರು ಅಕ್ಕಪಕ್ಕದವರಿಂದ ಚೂರುಪಾರು ಕೇಳಿ ತಿಳಿಯುತ್ತಾರೆ. ಈ ಅರ್ಧ ಹದೀಸುಗಳು ಹುಟ್ಟುವುದು ಅಲ್ಲಿಂದಲೂ ಇರಬಹುದು.

ಕುಡಿತವನ್ನು ಬಿಡಿಸುವ ವಿಷಯದಲ್ಲಿ ಕುರ್‌ಆನ್ ನಡೆದ ದಾರಿಯನ್ನು ನೋಡಿರಿ. ಮೊದಲು ಅಲ್ ಬಕರಾ ಅಧ್ಯಾಯದ 219ನೆಯ ಸೂಕ್ತದಲ್ಲಿ, ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿದ್ದರೂ ಅವುಗಳ ಪಾಪವೇ ದೊಡ್ಡದೆಂಬ ತಿಳುವಳಿಕೆ ಕೊಡಲಾಯಿತು. ಕೆಲವರು ಅಷ್ಟಕ್ಕೇ ಬಿಟ್ಟರು, ಕೆಲವರು ಬಿಡಲಿಲ್ಲ. ಬಳಿಕ ಅನ್ನಿಸಾ ಅಧ್ಯಾಯದ 43ನೆಯ ಸೂಕ್ತ ಬಂತು. ಅಮಲಿನಲ್ಲಿರುವಾಗ ನಮಾಝಿನ ಹತ್ತಿರ ಬರಬಾರದೆಂದು ವಿಧಿಸಿತು. ದಿನಕ್ಕೆ ಐದು ನಮಾಝ್. ಝುಹರ್, ಅಸರ್, ಮಗ್ರಿಬ್, ಇಶಾ ಒಂದರ ಬೆನ್ನಿಗೊಂದು ಬರುವಾಗ ನಡುವೆ ಕುಡಿದರೆ ಅಮಲು ಇಳಿಯಲು ಹೊತ್ತೆಲ್ಲಿ? ಹೀಗೆ ಕುಡಿಯುವವನ ಪಾಲಿಗೆ ಇಶಾದ ನಂತರದ ರಾತ್ರಿ ಮತ್ತು ಫಜ್ರ್ ನಂತರದ ಹೊತ್ತು ಮಾತ್ರ ಉಳಿಯಿತು. ಅಂದರೆ ದಿನದಿನವೂ ಒಂದು ವಿರಾಮ, ನಮಾಝಿನ ಸಲುವಾಗಿ. ಹೀಗೆ ಒಂದು ಸಮಾಜವನ್ನೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಆ ಅಭ್ಯಾಸದಲ್ಲಿ ಪಳಗಿಸಿದ ಬಳಿಕ ಅಲ್ ಮಾಇದಾದ 90 ಮತ್ತು 91ನೆಯ ಸೂಕ್ತಗಳು ಬಂದವು. ಮದ್ಯವನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿಗೆ ಸೇರಿಸಿ ಸಂಪೂರ್ಣವಾಗಿ ನಿಷೇಧಿಸಲಾಯಿತು. ಆ ಮಾತು, ಇನ್ನಾದರೂ ನಿಲ್ಲಿಸುವಿರಾ ಎಂಬ ಅರ್ಥದ ಪ್ರಶ್ನೆಯೊಂದಿಗೆ ಮುಗಿಯುತ್ತದೆ.

ಅನಸ್(ರ) ಆ ದಿನ ಅಬೂ ತಲ್ಹಾರ(ರ) ಮನೆಯಲ್ಲಿ ಕೂತವರಿಗೆ ಖರ್ಜೂರದ ಮದ್ಯ ಬಡಿಸುತ್ತಿದ್ದರು. ಹೊರಗೆ ಘೋಷಣೆ ಕೇಳಿಸಿತು. ಅಬೂ ತಲ್ಹಾ(ರ) ಅದನ್ನು ಹೊರಗೆ ಚೆಲ್ಲಿಬರಲು ಹೇಳಿದರು. ಮದೀನಾದ ಬೀದಿಗಳಲ್ಲಿ ಅದು ಹರಿಯಿತು. ಮೊದಲೇ ಕುಡಿಯಬೇಡಿರೆಂಬ ಆಜ್ಞೆ ಬಂದಿದ್ದರೆ ಜನರು ಎಂದಿಗೂ ಬಿಡಲಾರೆವು ಎನ್ನುತ್ತಿದ್ದರೆಂದು ಹಝ್ರತ್ ಆಇಶಾ(ರ) ವಿವರಿಸಿರುವುದೂ ಬುಖಾರಿಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಂತಹಂತವಾಗಿ ಬಂತೆಂದಾದರೆ ನಾನೂ ಹಂತಹಂತವಾಗಿ ಕುಡಿಯುತ್ತಾ ಬಿಡುತ್ತೇನೆ, ವಾರಕ್ಕೆರಡು ನೈಂಟಿಗೆ ಅಡ್ಡಿಯಿಲ್ಲವಷ್ಟೆ ಎಂದು ಯಾರೂ ಹೊರಡಬಾರದು. ಅಂತಿಮ ಆದೇಶ ಬಂದಾಗಿದೆ. ಈಗ ಒಂದು ಗುಟುಕೂ ಹರಾಮ್. ಹೆಚ್ಚು ಪ್ರಮಾಣ ಅಮಲೇರಿಸುವುದಾದರೆ ಅದರ ಕೊಂಚವೂ ನಿಷಿದ್ಧವೆಂಬುದು ಹದೀಸಿನಿಂದ ಸ್ಥಾಪಿತವಾದ ನಿಯಮ. ಹಂತಗಳಿಂದ ನಾವು ಕಲಿಯಬೇಕಾದುದು ಬೇರೆ. ಮನುಷ್ಯನ ಚಟವನ್ನು ಅಲ್ಲಾಹನು ಬಲ್ಲನು, ಕುಡಿಯದೆ ಕಳೆದ ಹೊತ್ತು ವ್ಯರ್ಥವಲ್ಲ, ಅದು ಮುಂದಿನ ಹೊತ್ತಿಗೆ ಬಲ ಕೊಡುತ್ತದೆ. ರಮಝಾನಿನ ತಿಂಗಳು ಅಂಥ ಬಲ.

ನಮ್ಮ ನೆರೆಹೊರೆಯಲ್ಲೂ ಇದನ್ನು ಕಾಣುತ್ತೇವೆ. ಶ್ರಾವಣ ಬಂತೆಂದರೆ ಬಾಟಲಿ ಮುಟ್ಟದ ಹಿಂದೂ ಸಹೋದರರಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನ ವ್ರತ ಹಿಡಿಯುತ್ತಾರೆ. ನಮ್ಮ ಗಾರೆ ಕೆಲಸದವನೂ ಮಾಲೆ ಹಾಕಿದ ಗೆಳೆಯನೂ ಒಂದೇ ಮೇಸ್ತ್ರಿಯ ಕೈಕೆಳಗೆ ದುಡಿಯುವಾಗ, ಇವನು ರಮಝಾನ್ ಕಳೆದು, ಅವನು ಮಕರ ಸಂಕ್ರಾಂತಿ ಕಳೆದು ಮತ್ತೆ ಒಂದೇ ಮೇಜಿಗೆ ಬರುವುದೂ ಉಂಟು. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಮಠದ ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿ, ಹಣವನ್ನಲ್ಲ, ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಹಾಕಿರೆಂದು ಕೇಳಿದರು. 2018ರಲ್ಲಿ ಅವರು ನಿಧನರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತದೆ. ಆ ಭಿಕ್ಷೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು: ಜೋಳಿಗೆಗೆ ಹಾಕಿದ್ದನ್ನು ಒಂದು ತಿಂಗಳಾದ ಮೇಲೆ ವಾಪಸು ಕೇಳುವಂತಿಲ್ಲ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳು ಸುಮಾರು ಒಂದು ವಾರದವು. ಆದರೆ ಅವರು ಅಲ್ಲಿಗೆ ಕೈತೊಳೆದುಕೊಳ್ಳುವುದಿಲ್ಲ. ಬಿಟ್ಟವರನ್ನು ಸೇರಿಸಿ ನವಜೀವನ ಸಮಿತಿ ಎಂದು ಮಾಡಿ ಮತ್ತೆ ಮತ್ತೆ ಕೂಡಿಸುತ್ತಾರೆ. ನಮಗೆ ಒಂದು ವಾರವಲ್ಲ, ಪೂರ್ತಿ ಒಂದು ತಿಂಗಳ ಶಿಬಿರವನ್ನು ಅಲ್ಲಾಹನು ಕೊಟ್ಟಿದ್ದಾನೆ. ಅದೂ ಊಟ, ನಿದ್ದೆ, ಸಹವಾಸ ಎಲ್ಲವನ್ನೂ ಬದಲಾಯಿಸುವ ಶಿಬಿರ. ಆದರೆ ಶಿಬಿರ ಮುಗಿದ ಮರುದಿನ ನಮ್ಮಲ್ಲಿ ಯಾರು ಯಾರನ್ನು ಕೂಡಿಸುತ್ತಾರೆ? ಇಂಗ್ಲೆಂಡಿನಲ್ಲಿ 2013ರಿಂದ ಹೊಸ ವರ್ಷದ ಮೊದಲ ತಿಂಗಳು ಪೂರ್ತಿ ಮದ್ಯ ಬಿಡುವ ಅಭಿಯಾನವೊಂದು ನಡೆಯುತ್ತಿದೆ. ಅವರಿಗೆ ಉಪವಾಸವಿಲ್ಲ, ತರಾವೀಹ್ ಇಲ್ಲ, ಬರೀ ಆರೋಗ್ಯದ ಕಾಳಜಿ. ಹಾಗೆ ಒಂದು ತಿಂಗಳು ಬಿಟ್ಟ 94 ಮಂದಿಯನ್ನು ಲಂಡನ್ನಿನ ವೈದ್ಯರು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ರಕ್ತದೊತ್ತಡ ಇಳಿದಿತ್ತು, ತೂಕ ಇಳಿದಿತ್ತು, ಸಕ್ಕರೆ ಕಾಯಿಲೆಗೆ ದಾರಿಯಾಗುವ ದೋಷವೂ ತಗ್ಗಿತ್ತು. ಕುಡಿತಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ದೇಹದ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕು. ಇದನ್ನು ಮನೆಯವರು ದಯವಿಟ್ಟು ಗಮನವಿಟ್ಟು ಓದಿರಿ. ವಾರಕ್ಕೊಮ್ಮೆ ಕುಡಿಯುವವನು ಒಮ್ಮೆಲೇ ಬಿಡಬಹುದು. ಆದರೆ ವರ್ಷಗಟ್ಟಲೆ ದಿನಾ ಬೆಳಗ್ಗೆ ಎದ್ದ ಕೂಡಲೇ ಬೇಕೆನ್ನುವ ಮಟ್ಟಕ್ಕೆ ಹೋದವನು ಒಂದೇ ದಿನಕ್ಕೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಇಲ್ಲದ್ದು ಕಾಣಿಸುವುದು, ಇಲ್ಲದ ಧ್ವನಿ ಕೇಳಿಸುವುದು, ದಿಕ್ಕು ತಪ್ಪಿ ಮಾತಾಡುವುದು ಆರಂಭವಾಗಬಹುದು. ಇದನ್ನು ಜಿನ್ನ್ ಹಿಡಿದಿದೆ, ಯಾರೋ ಮಾಟ ಮಾಡಿದ್ದಾರೆ ಎಂದು ತಿಳಿದು ತಾಯತ ಕಟ್ಟಿಸಲು ಓಡಾಡಿ ಹೊತ್ತು ಕಳೆಯಬೇಡಿರಿ. ಇದು ಕಾಯಿಲೆ, ಇದಕ್ಕೆ ಔಷಧವಿದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಥಟ್ಟನೆ ಮುಚ್ಚಿದಾಗ ಇಂಥ ರೋಗಿಗಳು ಬೆಂಗಳೂರಿನ ಆಸ್ಪತ್ರೆಗಳಿಗೆ ಹೆಚ್ಚಾಗಿ ಬಂದರೆಂದು ವೈದ್ಯರು ದಾಖಲಿಸಿದ್ದಾರೆ.

ಆದ್ದರಿಂದ ಅಂಥವರು ರಮಝಾನಿನ ಚಂದ್ರನಿಗಾಗಿ ಕಾಯಬಾರದು. ರಜಬ್ ಅಥವಾ ಶಾಬಾನ್‌ನಲ್ಲೇ ಮನೋವೈದ್ಯರನ್ನು ಕಾಣಬೇಕು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಹರಿಹರದಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿಗೂ ಫೋನ್ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು, ಶುಲ್ಕವಿಲ್ಲ. ಚಿಕಿತ್ಸೆಯ ದಿನಗಳು ರಮಝಾನಿಗೂ ಮುಂದುವರಿದರೆ, ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿರಿ. ರೋಗಿಯು ಬಿಟ್ಟ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿ ಮಾಡಲು ಕುರ್‌ಆನ್ ಅನುಮತಿ ಕೊಟ್ಟಿದೆ. ಮಾತ್ರೆ ನುಂಗುತ್ತಿರುವವನನ್ನು ರೋಝಾಖೋರ ಎಂದು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ.

ಹೆಣ್ಣುಮಕ್ಕಳಿಗೂ ಒಂದೆರಡು ಮಾತು. ತಂಗೀ, ಅವನು ಮೂವತ್ತು ದಿನ ಚೆನ್ನಾಗಿದ್ದಾಗ ಹಳೆಯ ಹನ್ನೊಂದು ತಿಂಗಳ ಲೆಕ್ಕವನ್ನು ಇಫ್ತಾರ್‌ನ ಚಾಪೆಯ ಮೇಲೆ ಬಿಚ್ಚಬೇಡಿ. ಅದನ್ನು ಹೇಳಲು ನಿಮಗೆ ಹಕ್ಕಿದೆ, ಹೊತ್ತು ಮಾತ್ರ ಬೇರೆ ಇರಲಿ. ಅವನು ಬಿಟ್ಟಿದ್ದು ನಿಮಗೆ ಕಂಡಿದೆ ಎಂಬುದನ್ನು ಬಾಯಿಬಿಟ್ಟು ಹೇಳಿರಿ. ಬಹಳ ಮನೆಗಳಲ್ಲಿ ಈ ಮಾತನ್ನು ಹೇಳುವವರೇ ಇಲ್ಲ, ದೃಷ್ಟಿಯಾಗುತ್ತದೆ ಎಂದು ಸುಮ್ಮನಿರುತ್ತಾರೆ. ಈದ್‌ನ ಸಂಜೆ ಮತ್ತು ಅದರ ನಂತರದ ಮೊದಲ ಬಟವಾಡೆಯ ದಿನ, ಈ ಎರಡರ ಬಗ್ಗೆ ರಮಝಾನಿನಲ್ಲೇ ಅವನ ಜೊತೆ ಮಾತಾಡಿಕೊಳ್ಳಿರಿ. ಆದರೆ ಅವನು ಮತ್ತೆ ಕುಡಿದು ಕೈ ಮಾಡಿದರೆ ಅದನ್ನು ಸಬ್ರ್ ಎಂದು ಮುಚ್ಚಿಡಬೇಡಿರಿ. ಪೆಟ್ಟು ತಿನ್ನುವುದಕ್ಕೆ ಸಬ್ರ್ ಎಂಬ ಹೆಸರನ್ನು ದೀನ್ ಕೊಟ್ಟಿಲ್ಲ. ತವರಿನವರಿಗೆ, ಜಮಾಅತ್‌ನ ಹಿರಿಯರಿಗೆ ತಿಳಿಸಿರಿ. ಅವರು ಕೇಳದಿದ್ದರೆ 181 ಮಹಿಳಾ ಸಹಾಯವಾಣಿ ಇದೆ.

ಜಮಾಅತ್‌ನ ಹಿರಿಯರೇ, ಈಗ ನಿಮ್ಮ ಹತ್ತಿರ ಬರುತ್ತೇನೆ. ಹಝ್ರತ್ ಉಮರ್(ರ) ಅವರ ಬಳಿಗೆ ಶಾಮ್ ದೇಶದ ಒಬ್ಬ ವ್ಯಕ್ತಿ ಬಂದುಹೋಗುತ್ತಿದ್ದರು. ಕೆಲವು ದಿನ ಕಾಣಲಿಲ್ಲ. ವಿಚಾರಿಸಿದಾಗ, ಅವರು ಕುಡಿತಕ್ಕೆ ಬಿದ್ದಿದ್ದಾರೆಂದು ತಿಳಿಯಿತು. ಖಲೀಫರಾಗಿದ್ದ ಉಮರ್(ರ), ಅವರ ಕಠೋರತೆ ಎಲ್ಲರಿಗೂ ಗೊತ್ತು, ಲೇಖಕನನ್ನು ಕರೆಸಿ ಪತ್ರ ಬರೆಸಿದರು. ಪಾಪವನ್ನು ಕ್ಷಮಿಸುವವನೂ ಪಶ್ಚಾತ್ತಾಪವನ್ನು ಸ್ವೀಕರಿಸುವವನೂ ಕಠಿಣವಾಗಿ ಶಿಕ್ಷಿಸುವವನೂ ಆದ ಅಲ್ಲಾಹನನ್ನು ಕುರಿತು ಗಾಫಿರ್ ಅಧ್ಯಾಯದ ಆರಂಭದಲ್ಲಿರುವ ಸೂಕ್ತವನ್ನು ಅದರಲ್ಲಿ ಬರೆಸಿದರು. ಬಳಿಕ ಜೊತೆಗಿದ್ದವರಿಗೆ ಆ ಸಹೋದರನಿಗಾಗಿ ದುಆ ಮಾಡಲು ಹೇಳಿದರು. ಪತ್ರ ತಲುಪಿತು. ಆತ ಅದನ್ನು ಮತ್ತೆ ಮತ್ತೆ ಓದಿದರು. ಎಚ್ಚರಿಕೆಯೂ ಇದೆ, ಕ್ಷಮೆಯ ವಾಗ್ದಾನವೂ ಇದೆ ಎಂದು ಅತ್ತು ಕುಡಿತವನ್ನು ಬಿಟ್ಟೇಬಿಟ್ಟರು. ಸುದ್ದಿ ಕೇಳಿದ ಉಮರ್(ರ), ಜಾರಿದ ಸಹೋದರನನ್ನು ಕಂಡರೆ ಹೀಗೆ ನಡೆದುಕೊಳ್ಳಬೇಕು, ಅವನ ವಿರುದ್ಧ ಶೈತಾನನಿಗೆ ನೆರವಾಗಬಾರದು ಎಂದು ತಿಳಿಹೇಳಿದರೆಂದು ಇಬ್ನ್ ಕಸೀರ್ ತಮ್ಮ ತಫ್ಸೀರ್‌ನಲ್ಲಿ ದಾಖಲಿಸಿದ್ದಾರೆ.

ಈ ಘಟನೆಯಲ್ಲಿ ಮೊದಲ ಕೆಲಸ ಯಾವುದೆಂದು ನೋಡಿದಿರಾ? ಆತ ಕಾಣುತ್ತಿಲ್ಲವೆಂಬುದನ್ನು ಖಲೀಫರು ಗಮನಿಸಿದ್ದು. ರಮಝಾನಿನಲ್ಲಿ ತುಂಬಿದ್ದ ಸಫ್‌ಗಳು ಶವ್ವಾಲ್‌ನಲ್ಲಿ ಖಾಲಿಯಾಗುತ್ತವೆ. ಯಾರು ಕಾಣುತ್ತಿಲ್ಲವೆಂದು ಹೆಸರು ಹಿಡಿದು ಕೇಳುವವರು ನಮ್ಮ ಕಮಿಟಿಗಳಲ್ಲಿ ಎಷ್ಟು ಮಂದಿ? ಚಂದಾ ಬಾಕಿಯ ಪಟ್ಟಿಯಂತೂ ನಮ್ಮ ಬಳಿ ತಪ್ಪಿಲ್ಲದೆ ಇರುತ್ತದೆ.

ಹೇಳಲು ಸಂಕೋಚವಾಗುವ ಇನ್ನೊಂದು ಮಾತೂ ಇದೆ. ಮದ್ಯದ ವಿಷಯದಲ್ಲಿ ಶಾಪಕ್ಕೊಳಗಾದ ಹತ್ತು ಬಗೆಯವರನ್ನು ಹದೀಸಿನಲ್ಲಿ ಎಣಿಸಲಾಗಿದೆ. ಕುಡಿಯುವವನು ಅವರಲ್ಲಿ ಒಬ್ಬ ಮಾತ್ರ. ತಯಾರಿಸುವವನು, ಹೊರುವವನು, ಮಾರುವವನು, ಅದರ ಹಣವನ್ನು ಉಣ್ಣುವವನು ಕೂಡಾ ಆ ಪಟ್ಟಿಯಲ್ಲಿದ್ದಾರೆ. ಬಾರಿಗೆ ಮಳಿಗೆ ಬಾಡಿಗೆ ಕೊಟ್ಟು ಆ ಬಾಡಿಗೆಯಿಂದ ಇಫ್ತಾರ್ ಕೂಟ ಏರ್ಪಡಿಸುವ ಶ್ರೀಮಂತನು ಕೊನೆಯ ಸಫ್‌ನ ಹಮಾಲನಿಗೆ ಉಪದೇಶ ಮಾಡಲು ನಿಲ್ಲದಿರಲಿ. ಹಾಗೆಯೇ, ಮನೆ ಕಟ್ಟಿಸುವಾಗ ಮೋಲ್ಡ್ ಹಾಕಿದ ದಿನ ಕೂಲಿಯವರಿಗೆ ಎಣ್ಣೆಯ ದುಡ್ಡೆಂದು ಪ್ರತ್ಯೇಕವಾಗಿ ಕೊಡುವ ಪದ್ಧತಿ ನಮ್ಮ ಮನೆಗಳಲ್ಲೂ ಇದೆ. ಆ ದುಡ್ಡಿಗೆ ಮಟನ್ ಊಟ ಹಾಕಿಸಿರಿ, ಯಾರೂ ಬೇಡವೆನ್ನುವುದಿಲ್ಲ.

ಈದ್‌ನ ಸಂಜೆಗೆ ಏನು ಮಾಡಬಹುದು? ಬಿಟ್ಟವನನ್ನು ಆ ಸಂಜೆ ಒಂಟಿಯಾಗಿ ಬಿಡಬಾರದು. ಹೆಂಡತಿಯ ತವರಿಗೆ ಹೋಗುವುದಿದ್ದರೆ ಅದೇ ಸಂಜೆ ಹೋಗಲಿ. ದಾವಣಗೆರೆಯವನು ಹರಿಹರಕ್ಕೆ, ಹರಿಹರದವನು ದಾವಣಗೆರೆಗೆ, ನಡುವೆ ಇರುವುದು 14 ಕಿಲೋಮೀಟರ್. ಮಕ್ಕಳನ್ನು ಹೊಳೆಯ ಕಡೆ ಕರೆದೊಯ್ಯಲಿ. ಬೈಕು ಬಂದು ಹಾರ್ನ್ ಮಾಡಿದಾಗ ಮನೆಗೆ ಬೀಗ ಹಾಕಿರಲಿ. ಸಹವಾಸ ಬಿಡದೆ ಚಟ ಬಿಡಲು ಹೊರಟವರು ಗೆದ್ದದ್ದು ಕಡಿಮೆ. ಹಳೆಯ ಗೆಳೆಯರನ್ನು ದ್ವೇಷಿಸಬೇಕೆಂದಲ್ಲ, ಕೆಲವು ತಿಂಗಳ ಮಟ್ಟಿಗೆ ಸಂಜೆಯ ಬದಲು ಬೆಳಗ್ಗೆ ಹೋಟೆಲಿನಲ್ಲಿ ಬೆಣ್ಣೆದೋಸೆ ತಿನ್ನುತ್ತಾ ಭೇಟಿಯಾಗಲಿ.

ಮರುದಿನ ಶವ್ವಾಲ್ 2. ಅಂದಿನಿಂದ ಆ ತಿಂಗಳು ಮುಗಿಯುವುದರೊಳಗೆ ಆರು ಉಪವಾಸ ಹಿಡಿದರೆ ವರ್ಷವಿಡೀ ಉಪವಾಸ ಹಿಡಿದ ಪುಣ್ಯವಿದೆಯೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಒಟ್ಟಿಗೇ ಹಿಡಿಯಬೇಕೆಂದಿಲ್ಲ. ಕುಡಿತ ಬಿಟ್ಟವನು ಈ ಆರನ್ನು ಜಾಣತನದಿಂದ ಹಂಚಿಕೊಳ್ಳಲಿ. ಬಟವಾಡೆ ಶನಿವಾರವಿದ್ದರೆ ಶನಿವಾರಕ್ಕೊಂದು ಇಟ್ಟುಕೊಳ್ಳಲಿ, ಜೊತೆಗೆ ಶುಕ್ರವಾರವೋ ಭಾನುವಾರವೋ ಸೇರಿಸಿಕೊಳ್ಳಲಿ. ಕೈಗೆ ದುಡ್ಡು ಬರುವ ಹೊತ್ತಿಗೆ ಬಾಯಿಗೆ ಉಪವಾಸವಿರಲಿ, ಮಗ್ರಿಬ್ ಹೊತ್ತಿಗೆ ಮಸೀದಿಯಲ್ಲಿ ಇರಲಿ. ಮನೆಯವರು ಸಹರಿಗೆ ಎಬ್ಬಿಸಿದರೆ, ಸಾಧ್ಯವಾದರೆ ಜೊತೆಗೇ ಉಪವಾಸ ಹಿಡಿದರೆ ಅವನಿಗೆ ಎಷ್ಟೋ ಹಗುರ. ಮಸೀದಿಯಲ್ಲಿ ಇಬ್ಬರು ಮೂವರು ಆ ಸಂಜೆಗಳಲ್ಲಿ ಅವನಿಗಾಗಿ ಖರ್ಜೂರ ಇಟ್ಟುಕೊಂಡು ಕೂತಿರಲಿ. ಇಫ್ತಾರ್ ಆಗಿ, ನಮಾಝ್ ಆಗಿ, ಅವನ ಜೇಬಿನಲ್ಲಿರುವ ಕೂಲಿಯೊಂದಿಗೆ ಮನೆಯವರೆಗೂ ಮಾತಾಡುತ್ತಾ ನಡೆದುಹೋಗಲಿ.